ಇಂಚರಳ ಹಳದಿ ಉಸಿರು

“ನಿನ್ನ ಮನೆಗೆ ಅಮ್ಮ ಬಂದಾಗ ನಾನೇ ಬಂದು ನೋಡ್ಕೋತೀನಿ ಕಣೇ” ಎಂದು ಸುಮಿತ್ರಕ್ಕ ಕಿಟಕಿಯಿಂದ ಕೂಗಿದಾಗ ಅವಳಿಗೆ ಹತ್ತು ವರ್ಷ, ಅಮ್ಮ ಎದ್ದು ಮೈತುಂಬ ಗುಳ್ಳೆ. ಅಂಟದಿರಲಿ ಎಂದು ನನ್ನನ್ನು ಅಜ್ಜಿಯ ಊರಿಗೆ ಸಾಗಿಸುತ್ತಿದ್ದರು.

ಕಳೆದ ವಾರದ ಸೋಮವಾರ ನನ್ನ ಮಗಳು ಇಂಚರಳ ಉಸಿರು ಹಳದಿಯಾಯಿತು. ಎಲ್ಲರಿಗೂ ಗೊತ್ತಿರುವಂತೆ, ಗುಳ್ಳೆ ಏಳುವುದು ಅದಾದ ಎರಡು ದಿನಕ್ಕೆ. ನನಗೆ ಏಳು ತಿಂಗಳು. ಆ ಹಳದಿ ಹೊಟ್ಟೆಯಲ್ಲಿರುವ ಕೂಸಿಗೆ ತಾಗಬಾರದು. ತಕ್ಷಣ ಅವಳನ್ನು ಕೋಣೆಗೆ ಕಳಿಸಿ, ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿ, ಅಕ್ಕನಿಗೆ ಫೋನ್ ಮಾಡಿದೆ. ನಾವು ಮಾತು ಬಿಟ್ಟು ಆರು ವರ್ಷವಾಗಿತ್ತು.

“ಬೇವಿನ ಸೊಪ್ಪು ಇದೆಯಾ, ತರಲಾ?” ಎಂದಷ್ಟೇ ಕೇಳಿದಳು. ಬಂದವಳು ಸೀದಾ ಕೋಣೆಗೆ ಹೋದಳು. ಒಮ್ಮೆ ಅಮ್ಮ ಬಂದು ಹೋದವರಿಗೆ ಆ ಹಳದಿ ಹತ್ತುವುದಿಲ್ಲ.

ಇವತ್ತು ಹತ್ತನೇ ದಿನ. ಕೊನೆಯ ಗುಳ್ಳೆಯೂ ಒಣಗಿ ಹಕ್ಕಳೆಗಟ್ಟಿತ್ತು. ನಾನು ಹೊರಗೆ ನಿಂತು ನೋಡುತ್ತಿದ್ದಂತೆ ಇಂಚರ ಕೋಣೆಯೊಳಗಿಂದ ಕಿಟಕಿಗೆ ಊದಿದಳು. ಗಾಜು ಬರೀ ಬೆಳ್ಳಗೆ ಮಂಜಾಯಿತು.

“ಇನ್ನೊಂದ್ಸಲ ಊದಿಸಕ್ಕ.”

“ಹತ್ತು ಸಲ ಆಯ್ತು. ಇನ್ನೂ ಊದಿಸಿದ್ರೆ ನಿನ್ನ ಮಗಳು ಬಲೂನಾಗ್ತಾಳೆ, ನೋಡು.”

ಬಾಗಿಲು ತೆರೆಯಿತು. ಇಂಚರ ಓಡಿಬಂದು ನನ್ನ ಹೊಟ್ಟೆಗೆ ಕೆನ್ನೆ ಒತ್ತಿ ನಿಂತಳು. ನಾನು ಉಸಿರು ಬಿಟ್ಟೆ, ಅದಕ್ಕೂ ಬಣ್ಣವಿರಲಿಲ್ಲ.

ಅಕ್ಕ ಮಾತು ಉಳಿಸಿಕೊಂಡಳು.