ತಳ್ಳಿದರೆ ಮಾರುವ ಕಾರು

"ನೀನೇನಾದ್ರೂ ಒಂದೇ ಒಂದು ಸಲ ಈ ಕಾರಿನ ಬೆನ್ನಿಗೆ ಕೈ ಕೊಟ್ಟು ತಳ್ಳಿದ್ಯೋ, ಮಾರನೇ ದಿನವೇ ಮಾರಿಬಿಡ್ತೀನಿ. ಇದು ನನ್ನ ಮಾತು." ವರ್ಷಗಳ ಹಿಂದೆ ಹಳೆಯ ಕಾರೊಂದನ್ನು ಮನೆ ಮುಂದೆ ತಂದು ನಿಲ್ಲಿಸಿದ ದಿನ ಗಂಡ ಹಾಗೆಂದಿದ್ದ. ಅಪ್ಪನ ಡಕೋಟಾ ಗಾಡಿಯನ್ನು ತಳ್ಳಿ ತಳ್ಳಿಯೇ ಸ್ಕೂಲಿಗೆ ತಡವಾಗಿ ಹೋಗುತ್ತಿದ್ದ ಹೆಂಡತಿ ಆ ಮಾತನ್ನು ಜೋಪಾನವಾಗಿ ಎತ್ತಿಟ್ಟುಕೊಂಡಿದ್ದಳು.

ಮಾತಿಗೆ ಅವನು ತಪ್ಪಲಿಲ್ಲ. ಈಚೆಗೆ ಬೆಳಗಾದರೆ ಕಾರು ಕಟಕಟ ಹಲ್ಲು ಕಡಿದು ಸುಮ್ಮನಾಗುತ್ತಿತ್ತು. ಅವಳನ್ನು ಸ್ಟೇರಿಂಗ್ ಮುಂದೆ ಕೂರಿಸಿ ತಾನೇ ಹಿಂದಿನಿಂದ ತಳ್ಳುತ್ತಿದ್ದ. "ಕ್ಲಚ್ ಬಿಡೇ!" ಎಂದು ಅವನು ಕೂಗಬೇಕು, ಅವಳು ಬಿಡಬೇಕು, ಇಂಜಿನ್ನು ಗುರ್ ಎನ್ನಬೇಕು. ಅವಳು ಅದನ್ನು ಮೂಲೆಯ ಬೇಕರಿಯವರೆಗೆ ಓಡಿಸಿ ನಿಲ್ಲಿಸುವಳು. ಅವನು ಏದುಸಿರು ಬಿಡುತ್ತ ಬಂದು ಬಾಗಿಲು ತೆಗೆದು, "ಹೂಂ, ಆ ಕಡೆ ಸರಿ" ಎನ್ನುವನು. ಲೈಸೆನ್ಸ್ ಇದ್ದೂ ಅವಳಿಗೆ ಸಿಕ್ಕ ಡ್ರೈವಿಂಗ್ ಅಷ್ಟೇ. ಹಾಗಾಗಿ ಕಾರು ಕೆಟ್ಟದ್ದು ಅವಳಿಗೆ ಒಳಗೊಳಗೇ ಹಿಡಿಸಿತ್ತು. ಇವತ್ತು ಆಟೋ ಎಲೆಕ್ಟ್ರಿಷಿಯನ್ ಶೆಡ್ಡಿಗೆ ಹೊರಟಾಗಲೂ ಬೇಕರಿ ಮುಂದೆ ಕಾರು ನಿಲ್ಲಿಸಲು ಅವಳಿಗೆ ಮನಸ್ಸೇ ಬಂದಿರಲಿಲ್ಲ.

"ಎರಡು ಹೊಸ ಬ್ಯಾಟರಿ ಹಾಕಿಸಿದ್ದಾಯ್ತು," ಎಂದ ಗಂಡ.

"ಬ್ಯಾಟರಿ ಏನು ಮಾಡೀತು ಸಾರ್? ಚಾರ್ಜ್ ಮಾಡೋ ಆಲ್ಟರ್ನೇಟರ್ ಅದಕ್ಕೆ ಹೊಟ್ಟೆಗೆ ಹಾಕಿದ್ರೆ ತಾನೆ!" ಎಲೆಕ್ಟ್ರಿಷಿಯನ್ ಇಂಜಿನ್ ಓಡುತ್ತಿರುವಾಗಲೇ ಮೀಟರ್ ಹಚ್ಚಿದ. ಹದಿನಾಲ್ಕು ವೋಲ್ಟ್ ತೋರಿಸಬೇಕಾದ ಕಡೆ ಹನ್ನೆರಡು. ಇಂಜಿನ್ ಆರಿಸಿ ಬೆಲ್ಟ್ ಒತ್ತಿ ನೋಡಿದ, ಬಿಗಿಯಾಗಿತ್ತು. ವೈರುಗಳನ್ನು ಹಿಡಿದು ಜಗ್ಗಿದ, ಗಟ್ಟಿಯಾಗಿದ್ದವು. ಕೊನೆಗೆ ಆಲ್ಟರ್ನೇಟರನ್ನೇ ಬಿಚ್ಚಿ ಒಳಗೆ ಒಯ್ದು ಮೇಜಿನ ಮೇಲೆ ಓಡಿಸಿ ನೋಡಿದರೆ ಅದು ಧಾರಾಳವಾಗಿ ಚಾರ್ಜ್ ಕೊಟ್ಟಿತು. ತಂದು ಕಾರಿಗೆ ಹಾಕಿದರೆ ಮತ್ತದೇ ಹನ್ನೆರಡು.

"ನನ್ನ ಮೇಜಿನ ಮೇಲೆ ಒಳ್ಳೆ ಹುಡುಗ, ನಿಮ್ಮ ಕಾರಿಗೆ ಬಂದ್ರೆ ಮೈಗಳ್ಳ. ಇದೇನು ಸಾರ್ ಮಾಯೆ?" ಎಂದು ರೇಗಿದ ಎಲೆಕ್ಟ್ರಿಷಿಯನ್, ಆಕ್ಸಿಲರೇಟರನ್ನು ಒಮ್ಮೆ ಜೋರಾಗಿ ಅದುಮಿದ.

"ಮೆಲ್ಲಗೆ, ಮೆಲ್ಲಗೆ!" ಗಂಡ ತನ್ನ ಕಾಲನ್ನೇ ಯಾರೋ ತುಳಿದಂತೆ ಕಿರುಚಿದ. ಮಡಿಲಲ್ಲಿ ಮೊಟ್ಟೆ ಇಟ್ಟುಕೊಂಡವನ ಹಾಗೆ ಗಾಡಿ ಓಡಿಸುವವನು ಅವನು. ಆದರೆ ಮೀಟರು ಟಣ್ಣನೆ ಹದಿನಾಲ್ಕಕ್ಕೆ ನೆಗೆದಿತ್ತು. ಎಲೆಕ್ಟ್ರಿಷಿಯನ್ ಇಂಜಿನ್ ಆರಿಸಿ, ಶೆಡ್ಡಿನ ಬ್ಯಾಟರಿಯಿಂದ ವೈರು ಕೊಟ್ಟು ಮತ್ತೆ ಸ್ಟಾರ್ಟ್ ಮಾಡಿ ವೈರು ತೆಗೆದರೆ ಪುನಃ ಹನ್ನೆರಡು.

ಅವನು ತಲೆ ಕೆರೆದುಕೊಂಡ. "ಕೀ ತಿರುಗಿಸಿದಾಗ ಬ್ಯಾಟರಿ ಚಿತ್ರದ ಕೆಂಪು ದೀಪ ಹತ್ತುತ್ತಾ?"

"ಹತ್ತುತ್ತೆ, ಹತ್ತುತ್ತೆ," ಎಂದ ಗಂಡ, ಪ್ರಶ್ನೆ ಮುಗಿಯುವ ಮೊದಲೇ.

"ಎಲ್ಲಿ ಹತ್ತುತ್ತೆ?" ಎಂದಳು ಹೆಂಡತಿ. "ದಿನಾ ಬೆಳಿಗ್ಗೆ ಆ ಸೀಟಲ್ಲಿ ಕೂರೋಳು ನಾನು. ಆಯಿಲ್ ದೀಪ ಹತ್ತುತ್ತೆ, ಹ್ಯಾಂಡ್‌ಬ್ರೇಕ್ ದೀಪ ಹತ್ತುತ್ತೆ. ಬ್ಯಾಟರಿ ದೀಪ ಅಂತೂ ನಾನು ಕಂಡೇ ಇಲ್ಲ."

ಡ್ಯಾಶ್‌ಬೋರ್ಡ್ ಬಿಚ್ಚಿದಾಗ ಆ ದೀಪದ ಗೂಡು ಖಾಲಿ ಇತ್ತು.

"ಬಲ್ಬೇ ಇಲ್ವಲ್ಲ ಸಾರ್! ಇದರ ಮೂಲಕ ಹೋಗೋ ಚೂರು ಕರೆಂಟೇ ಆಲ್ಟರ್ನೇಟರನ್ನ ನಿದ್ದೆಯಿಂದ ಎಬ್ಬಿಸೋದು. ಅದಿಲ್ಲದಿದ್ರೆ ಜೋರಾಗಿ ಓಡಿಸಿದಾಗ ಮಾತ್ರ ತಾನಾಗಿ ಏಳುತ್ತೆ. ಯಾವ ಪುಣ್ಯಾತ್ಮ ಕಿತ್ತಿದ್ದು?"

ಗಂಡ ಶೆಡ್ಡಿನ ತಗಡಿನ ಮಾಡನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

"ರೀ," ಎಂದಳು ಅವಳು.

"ಅಲ್ಲ ಕಣೇ... ಈ ಕಾಟ ಶುರುವಾಗೋಕೆ ಮುಂಚೆ ಒಂದ್ಸಲ ಬೆಲ್ಟ್ ಸಡಿಲ ಆಗಿ ಆ ದೀಪ ಮಿಣಮಿಣ ಅಂತಿತ್ತು. ನಿನ್ನ ಕಣ್ಣಿಗೆ ಬಿದ್ರೆ, 'ಇವತ್ತಲ್ಲ ನಾಳೆ ತಳ್ಳೋಕೆ ನನ್ನನ್ನ ಇಳಿಸ್ತೀರಿ, ಈಗ್ಲೇ ಮಾರಿ' ಅಂತೀಯಲ್ಲ ಅಂತ ಬಲ್ಬ್ ಕಿತ್ತೆ... ಮಾರನೇ ದಿನವೇ ಬೆಲ್ಟ್ ಬಿಗಿ ಮಾಡಿಸ್ದೆ. ಅದನ್ನ ವಾಪಸ್ ಹಾಕೋದು ಮರೆತೆ."

"ಅಂತೂ ನನ್ನ ಕಣ್ಣಿಗೆ ಮಣ್ಣೆರಚೋಕೆ ಹೋಗಿ, ಇಷ್ಟು ದಿನ ನೀವೇ ತಳ್ಳಿ ತಳ್ಳಿ ಸುಸ್ತಾದ್ರಿ."

ಎಲೆಕ್ಟ್ರಿಷಿಯನ್ ನಗು ತಡೆಯಲಾರದೆ ಬಾನೆಟ್ಟಿನ ಒಳಗೆ ತಲೆ ಹಾಕಿದ. ಸಾವರಿಸಿಕೊಂಡು ಹೊಸ ಬಲ್ಬ್ ಕೂರಿಸಿದ. ಕೀ ತಿರುಗಿಸಿದರೆ ಕೆಂಪು ದೀಪ ಹತ್ತಿತು, ಇಂಜಿನ್ ಎದ್ದೊಡನೆ ಆರಿತು. ಮೀಟರು ಹದಿನಾಲ್ಕರಲ್ಲಿ ಅಲ್ಲಾಡದೆ ನಿಂತಿತು.

"ಮುಗೀತು! ಇನ್ನು ತಳ್ಳೋ ಮಾತೇ ಇಲ್ಲ," ಎಂದು ಗಂಡ ಹಿಗ್ಗಿ ಹೀರೇಕಾಯಿಯಾಗಿ ಸ್ಟೇರಿಂಗ್ ಮುಂದೆ ಕೂತು ಕನ್ನಡಿ ಸರಿಮಾಡಿಕೊಂಡ. "ಹೂಂ, ಆ ಕಡೆಯಿಂದ ಬಾ, ಹೋಗೋಣ."

ಅವಳ ಮುಖ ಸಪ್ಪಗಾಯಿತು. ಬೇಕರಿಯವರೆಗಿನ ಆ ಗೇಣುದ್ದದ ರಸ್ತೆಯೂ ಇನ್ನು ಕೈತಪ್ಪಿತು. ಎರಡು ಹೆಜ್ಜೆ ಇಟ್ಟವಳು ನಿಂತಳು. ಆಮೇಲೆ ಆ ಕಡೆಯ ಬಾಗಿಲಿಗೆ ಹೋಗುವ ಬದಲು ಕಾರಿನ ಹಿಂದಕ್ಕೆ ಹೋಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಡಿಕ್ಕಿಗೆ ಎರಡೂ ಕೈ ಕೊಟ್ಟು ನೂಕಿದಳು. ಇನ್ನೂ ಗೇರಿಗೆ ಹಾಕಿರದ ಕಾರು ಒಂದು ಮಾರು ಮುಂದಕ್ಕೆ ಉರುಳಿತು.

ಗಂಡ ಗಾಬರಿಯಿಂದ ಬ್ರೇಕ್ ಒತ್ತಿ ಕಿಟಕಿಯಿಂದ ತಲೆ ಹೊರಹಾಕಿದ. "ಏಯ್, ತಲೆ ಕೆಟ್ಟಿದ್ಯಾ? ಸ್ಟಾರ್ಟ್ ಆಗಿರೋ ಕಾರನ್ನ ಯಾರಾದ್ರೂ ತಳ್ತಾರೇನೇ?"

"ಸ್ಟಾರ್ಟ್ ಆಗಿದ್ರೆ ತಳ್ಳಿದ್ದು ಲೆಕ್ಕಕ್ಕಿಲ್ಲ ಅಂತ ಆವತ್ತು ನೀವು ಹೇಳ್ಲಿಲ್ಲ. ಅಣ್ಣಾ, ನಾನು ತಳ್ಳಿದ್ದು ನೋಡಿದ್ರಿ ತಾನೆ?"

"ಚೆನ್ನಾಗೇ ನೋಡ್ದೆ ಅಕ್ಕಾ," ಎಂದ ಎಲೆಕ್ಟ್ರಿಷಿಯನ್, ಕೈ ಒರೆಸಿಕೊಳ್ಳುತ್ತ.

ಗಂಡನ ದನಿ ಇಳಿಯಿತು. "ಈ ಹಳೇ ಗಾಡೀನ ಈಗ ಯಾರು ಕೊಂಡ್ಕೋತಾರೆ ಮಾರಾಯ್ತಿ?"

"ಅದರ ಚಿಂತೆ ನಿಮಗ್ಯಾಕೆ? ಗಿರಾಕಿ ಇದ್ದಾರೆ."

ಕೊಟ್ಟ ಮಾತಿನಂತೆ ಗಂಡ ಮಾರನೇ ದಿನವೇ ಕಾರು ಮಾರಿದ. ಕೊಂಡವಳು ಹೆಂಡತಿ.