ಗೂಟ ಹಿಡಿದವನು

ನಮ್ಮ ಕ್ಷುದ್ರಗ್ರಹದಲ್ಲಿ ಬೀಸಿ ಎಸೆದ ಕಲ್ಲು ನೆಲಕ್ಕೆ ಬೀಳುವುದಿಲ್ಲ. ಇಡೀ ಬಂಡೆಯನ್ನು ಸುತ್ತಿ ಎಸೆದವನ ಬೆನ್ನಿಗೇ ಬರುತ್ತದೆ. ಅದಕ್ಕೇ ಜಗಳಕ್ಕೆ ನಿಂತರೆ ನಾವು ಬಾಯಿ ಮಾಡುತ್ತೇವೆ, ಕೈ ಮಾಡುವುದಿಲ್ಲ. ಮಂಗಳ ಗ್ರಹದಿಂದ ಹೊಸದಾಗಿ ಬಂದ ಯಲಗೂರಪ್ಪನಿಗೆ ಇದು ಗೊತ್ತಿರಲಿಲ್ಲ.

ಬೆಳಿಗ್ಗೆ ನೋಡಿದರೆ ನನ್ನ ಮಂಜುಗಡ್ಡೆಯ ಗುಂಡಿಯಲ್ಲಿ ತನ್ನ ಗೂಟ ನೆಟ್ಟು, ಅದನ್ನು ತಬ್ಬಿ ನಿಂತಿದ್ದ. ನನ್ನ ಮನೆಯ ನೀರು, ಉಸಿರು ಎರಡೂ ಆ ಗುಂಡಿಯದು. ಗೂಟ ಹಿಡಿದವನದೇ ಹಕ್ಕು ಎಂಬ ಇಲ್ಲಿನ ಪದ್ಧತಿಯನ್ನು ಮಾತ್ರ ಚೆನ್ನಾಗಿ ಕಲಿತಿದ್ದ.

"ಬಿಡಲೇ ಭಾಡ್ಯಾ!" ಎಂದೆ. ನನ್ನ ತಲೆಗೇ ಗುರಿಯಿಟ್ಟು ಕಲ್ಲು ಬೀಸಿದ. ಬಗ್ಗಿದೆ. ಕಲ್ಲು ದಿಗಂತದಾಚೆ ಹೋಯಿತು.

ಆಮೇಲೆ ನಾನು ಕದಲಲಿಲ್ಲ. ಅವನ ಅಪ್ಪ, ಅಜ್ಜ, ಅವರ ಇಡೀ ವಂಶವನ್ನು ಬೈಯುತ್ತ ಹೊತ್ತು ತಳ್ಳಿದೆ. ಕಡೆಗೆ ಅವನೇ ಸೋತ. ಹೆಲ್ಮೆಟ್ಟಿನ ರೇಡಿಯೊದಲ್ಲಿ ದನಿ ಮೆತ್ತಗಾಯಿತು.

"ಸಾಕ್ರೀ ಬಂಗಾರೆವ್ವಾ. ಅರ್ಧ ನಿಮಗ, ಅರ್ಧ ನನಗ. ಗೂಟ ಕೀಳ್ತೀನಿ, ಮನಿಗೆ ನಡೀರಿ."

ಅವನ ಬೆನ್ನ ಹಿಂದೆ, ದಿಗಂತದಲ್ಲಿ, ಒಂದು ಚುಕ್ಕೆ ಎದ್ದು ದೊಡ್ಡದಾಗುತ್ತಿತ್ತು.

"ಪೂರಾ ನೀನ ಇಟ್ಕೊಳ್ಳೋ ತಮ್ಮಾ," ಎಂದೆ. "ಗೂಟ ಮಾತ್ರ ಬಿಡಬ್ಯಾಡ."