ಗೋಲು ಕಾಯುವ ಬೋರಮ್ಮನನ್ನು ಕೊಡುವ ಮಾತು

ಸುಗ್ಗಿ ಮುಗಿದ ಕಣದಲ್ಲಿ ಊರು ಕೂತಿತ್ತು. ಯಂತ್ರದೊಳಗೆ ನಡೆಯುವ ಹಾಕಿ ಪಂದ್ಯಾವಳಿಯಲ್ಲಿ ಈ ವರ್ಷ ಊರಿನ ತಂಡ ಎಲ್ಲರಿಗಿಂತ ಹಿಂದೆ ಬಿದ್ದಿತ್ತು. ಯಾಕೆ ಸೋತೆವು, ಮುಂದಿನ ವರ್ಷಕ್ಕೆ ಯಾರನ್ನು ಉಳಿಸಿಕೊಳ್ಳುವುದು ಎಂಬ ಮಾತು ನಡೆದಿತ್ತು.

ತಂಡದ ಗೋಲು ಕಾಯುವವಳು ಬೋರಮ್ಮ. ಅವಳು ಹಾಕಿ ಕೋಲು ಮುಟ್ಟಿದವಳೇ ಅಲ್ಲ. ಯಂತ್ರದಲ್ಲಿ ಆಡುವುದು ಅವಳ ಮೈಯ ಬಲ, ಚುರುಕು ಅಳೆದು ಯಂತ್ರವೇ ತೆಗೆದುಕೊಂಡ ಅಚ್ಚು. ಆದರೆ ಅಚ್ಚು ಬೇರೆ ತಂಡಕ್ಕೆ ಹೋದರೆ ಮೈಯೂ ಇದ್ದ ಮನೆಯವರನ್ನು ಬಿಟ್ಟು ಆ ಊರಿಗೆ ಹೋಗಿ ಬಾಳಬೇಕು. ಅದು ಎಲ್ಲ ಊರುಗಳೂ ಒಪ್ಪಿದ ಕಟ್ಟಳೆ.

"ಮುಂದಿನೋರು ಹೊಡ್ದಿದ್ದೆಲ್ಲ ಹಿಂದೆ ಸೋರೋಯ್ತು," ಎಂದರು ಯಜಮಾನ ಜವರಪ್ಪ. "ಬೋರಮ್ಮನ್ನ ಕೊಟ್ರೆ ಕಂಚನಹಳ್ಳಿಯೋರು ಇಬ್ರು ಹುಡುಗ್ರನ್ನ ಕೊಡ್ತಾರಂತೆ."

"ಅದು ಅವಳ ತವರು ಕಣಪ್ಪ," ಎಂದಳು ಬೋರಮ್ಮನ ಅತ್ತೆ ಚಿಕ್ಕತಾಯಮ್ಮ. "ಮಡ್ಲು ತುಂಬಿ ಕರ್ಕಂಡು ಬಂದೋಳ್ನ ವಾಪಸ್ ಕಳ್ಸುದ್ರೆ, ಅಲ್ಲಿ ಬಾಗ್ಲಲ್ಲಿ ಏನಂತ ನಿಂತ್ಕತ್ತಾಳೆ?"

"ತವ್ರಿಗೋಗು ಅಂತ ದಿನಾ ಬೈಯೋಳು ನೀನೇ ಅಲ್ವಾ ಅಜ್ಜಿ?" ಎಂದು ಯಾರೋ ನಕ್ಕರು.

"ನನ್ನ ಸೊಸೆ, ನಾನು ಬೈತೀನಿ. ನಿನ್ನ ಗಂಟೇನ್ಲಾ ಹೋಯ್ತು?"

ಅತ್ತೆಯ ಪಕ್ಕದಲ್ಲೇ ಕೂತಿದ್ದ ಬೋರಮ್ಮನಿಗೆ ನಗು ಬರಲಿಲ್ಲ. ಎದುರಿಗೆ ಗಂಡಸರ ಸಾಲಿನಲ್ಲಿ ಅವಳ ಗಂಡ ಮಾದೇಗೌಡ ಕೂತಿದ್ದ. ತಂಡದಲ್ಲಿ ಎಲ್ಲರಿಗಿಂತ ಹೆಚ್ಚು ಗೋಲು ಹೊಡೆದ ಅಚ್ಚು ಅವನದೇ. ಅವನು ನೆಲ ನೋಡುತ್ತಿದ್ದ.

"ಕಳಿಸ್ಬೇಕು ಅನ್ನೋರು ಕೈ ಎತ್ರಪ್ಪ," ಎಂದರು ಜವರಪ್ಪ.

ಅತ್ತೆ ಸೊಸೆಯ ಮುಂಗೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ಎದುರು ಸಾಲಿನಲ್ಲಿ ಮೊದಲು ಮೇಲೆದ್ದ ಕೈ ಮಾದೇಗೌಡನದು.